ಮುನ್ನೂರು ಕಿಲೋಮೀಟರಿಗೆ ಒಂದು ಗಂಟೆ ಏಕೆ?

ಪ್ರಶ್ನೆ: ಬೆಂಗಳೂರು–ಮಂಗಳೂರು ವಿಮಾನದೂರ 306 ಕಿ.ಮೀ., ಹಾರಾಟಕ್ಕೆ 22 ನಿಮಿಷ ಎಂದು ಮೊಬೈಲ್ ತೋರಿಸುತ್ತದೆ. ಟಿಕೆಟ್‌ನಲ್ಲಿ ಒಂದು ಗಂಟೆಗೂ ಹೆಚ್ಚು. ಕಂಪನಿಗಳು ಮೋಸ ಮಾಡುತ್ತಿವೆಯೇ?

ಉತ್ತರ: ಊರಿನ ಹೆಸರಷ್ಟೇ ಬದಲಾಗಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ದೂರ ಸರಿ, 22 ನಿಮಿಷ ಶುದ್ಧ ಸುಳ್ಳು. ದೂರವನ್ನು ಗಂಟೆಗೆ 830 ಕಿ.ಮೀ. ವೇಗದಿಂದ ಭಾಗಿಸಿ ಪಡೆದ ಅಂಕಿ ಅದು. ಹೊರಟಲ್ಲಿಂದ ನಿಲ್ಲುವವರೆಗೆ ಒಂದೇ ವೇಗದಲ್ಲಿ ಹೋಗುವ ವಿಮಾನ ಎಲ್ಲೂ ಇಲ್ಲ.

ಟಿಕೆಟ್ ಹೇಳುವುದು ಗಾಲಿಗೆ ಕೊಟ್ಟ ಅಡೆಗಟ್ಟೆ ಬೆಂಗಳೂರಿನಲ್ಲಿ ತೆಗೆದಾಗಿನಿಂದ ಮಂಗಳೂರಿನಲ್ಲಿ ಮತ್ತೆ ಇಡುವವರೆಗಿನ ಸಮಯ. ಕೆಂಪೇಗೌಡ ನಿಲ್ದಾಣದ ರನ್‌ವೇ 4 ಕಿ.ಮೀ. ಉದ್ದ. ಅದರ ತುದಿ ಮುಟ್ಟಿ ಸರದಿ ಕಾಯುವುದಕ್ಕೇ ಹತ್ತು ಹದಿನೈದು ನಿಮಿಷ ಹೋಗುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಇದ್ದರೆ ಮೊದಲು ಪೂರ್ವಕ್ಕೆ ಏರಿ ಆಮೇಲೆ ಪಶ್ಚಿಮಕ್ಕೆ ತಿರುಗಬೇಕು. 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮೀರುವಂತಿಲ್ಲ. ಇನ್ನು ಇಳಿಕೆ: ಸಾವಿರ ಅಡಿಗೆ 3 ನಾಟಿಕಲ್ ಮೈಲಿ (ಸುಮಾರು 5.56 ಕಿ.ಮೀ.) ಎಂಬುದು ಪೈಲಟ್‌ಗಳ ಬಾಯಿಲೆಕ್ಕ. 24,000 ಅಡಿಯಿಂದ ಇಳಿಯಲು 133 ಕಿ.ಮೀ. ಬೇಕು. ಹಾಸನದ ಸುಮಾರಿಗೇ ವಿಮಾನ ಇಳಿಯತೊಡಗುತ್ತದೆ. ಉಳಿದ ದೂರದಲ್ಲಿ ಬಹುಪಾಲು ಏರುವುದಕ್ಕೆ ಹೋಯಿತು. ಪೂರ್ಣ ವೇಗದ ಹಾರಾಟ ಕೆಲವೇ ನಿಮಿಷ. ವೇಳಾಪಟ್ಟಿ ತಪ್ಪದಿರಲೆಂದು ಕಂಪನಿಗಳು ಒಂದಿಷ್ಟು ನಿಮಿಷ ಸೇರಿಸುತ್ತವೆ, ನಿಜ. ಸೇರಿಸಲಿ. ಅದು ಮೋಸವಲ್ಲ.

ಮೋಸ ಬೇರೆ ಕಡೆ ಇದೆ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿ, 'ಐವತ್ತು ನಿಮಿಷದಲ್ಲಿ ಮುಂದಿನ ವಿಮಾನ ಹಿಡಿಯಬಹುದು' ಎಂದು ಭರವಸೆ ಕೊಡುವ ಏಜೆಂಟರನ್ನು ದಯವಿಟ್ಟು ನಂಬಬೇಡಿ. ಸಾಮಾನು ಬೆಲ್ಟ್‌ನಿಂದ ಎತ್ತಿಕೊಂಡು, ಹೊರಗೆ ಬಂದು, ಮತ್ತೆ ಒಪ್ಪಿಸಿ, ಮತ್ತೆ ಭದ್ರತಾ ತಪಾಸಣೆಗೆ ನಿಲ್ಲಬೇಕಾದವರು ನೀವು, ಅವರಲ್ಲ.

ಮಂಗಳೂರಿನದು ಗುಡ್ಡದ ನೆತ್ತಿಯ ರನ್‌ವೇ, ಆಚೀಚೆ ಕಣಿವೆ. ಮಳೆಮೋಡ ಕವಿದಾಗ ಪೈಲಟ್ ಇಳಿಯದೆ ಮತ್ತೆ ಮೇಲೇರಬಹುದು, ಬೆಂಗಳೂರಿಗೇ ವಾಪಸಾಗಬಹುದು. ಆಗ ಸಿಬ್ಬಂದಿಯ ಮೇಲೆ ಕೂಗಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2010ರ ಮೇ 22ರಂದು ಇಲ್ಲಿಯೇ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸಲು ಹೋದದ್ದೇ ಕಾರಣ ಎಂದಿತು ತನಿಖೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಂದರ್ಶನವೋ ಶಸ್ತ್ರಚಿಕಿತ್ಸೆಯೋ ಇದ್ದರೆ ನಾನಂತೂ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳುತ್ತೇನೆ. ನೀವೂ ಹಾಗೆಯೇ ಮಾಡಿ.

ಪ್ರಶ್ನೆ: ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮದ ಮಂಗಳೂರಿಗೆ ಬೇಗ ತಲುಪಬೇಕಲ್ಲವೇ?

ಉತ್ತರ: ಇಲ್ಲ. ಗಾಳಿಯ ಹೊದಿಕೆಯೂ ಭೂಮಿಯೊಂದಿಗೇ ತಿರುಗುತ್ತದೆ. ಈ ಕಟ್ಟುಕಥೆಯನ್ನು ಮಕ್ಕಳಿಗೆ ಕಲಿಸಬೇಡಿ.

ಪ್ರಶ್ನೆ: ಪಂಖದ (ಪ್ರೊಪೆಲ್ಲರ್) ವಿಮಾನದಲ್ಲಿ ಹೋದರೆ ತುಂಬ ತಡವಾಗುತ್ತದೆಯೇ?

ಉತ್ತರ: ಇಷ್ಟು ಹತ್ತಿರದ ದಾರಿಯಲ್ಲಿ ಜೆಟ್‌ಗಿಂತ ಹತ್ತು ಹದಿನೈದು ನಿಮಿಷ ಹೆಚ್ಚು, ಅಷ್ಟೇ.

ಪ್ರಶ್ನೆ: ಬೆಂಗಳೂರು–ಕಲಬುರಗಿ ಎಷ್ಟು?

ಉತ್ತರ: ನೇರ ದೂರ ಸುಮಾರು 460 ಕಿ.ಮೀ. ಲೆಕ್ಕದ ಕ್ರಮ ಮೇಲಿನದೇ.