ಕ್ರೂಕ್ಸ್ ಕೆಟ್ಟವನಾ?

ಜಾನ್ ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್' ಕಾದಂಬರಿಯಲ್ಲಿ, ಬುದ್ಧಿ ಬೆಳೆಯದ ಕೂಲಿಯಾಳು ಲೆನ್ನಿಯಂಥ ಮುಗ್ಧನಿಗೆ ಕುದುರೆ ಲಾಯದ ಆಳು ಕ್ರೂಕ್ಸ್ ಯಾಕೆ ಅಷ್ಟು ನೋವು ಕೊಡುತ್ತಾನೆ, ಅವನೂ ಕೆಟ್ಟವನೇ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ.

ಈ ಕಾದಂಬರಿ ಬಂದದ್ದು 1937ರಲ್ಲಿ. ಕಥೆ ನಡೆಯುವುದು ಕ್ಯಾಲಿಫೋರ್ನಿಯಾದ ಸೊಲೆಡಾಡ್ ಹತ್ತಿರದ ರಾಂಚ್‌ನಲ್ಲಿ. ಕ್ರೂಕ್ಸ್ ಕಪ್ಪು ಜನಾಂಗದವನು ಅನ್ನುವ ಒಂದೇ ಕಾರಣಕ್ಕೆ ಉಳಿದ ಆಳುಗಳು ಅವನನ್ನು ತಮ್ಮ ಕೋಣೆಗೆ ಸೇರಿಸುವುದಿಲ್ಲ. ಕುದುರೆ ಲಾಯದ ಪಕ್ಕದಲ್ಲಿ ಅವನೊಬ್ಬನೇ. ಆ ಕೋಣೆಯನ್ನು ಇನ್ನೊಮ್ಮೆ ನೋಡಿ. ಹರಿದ ನಿಘಂಟು, ಜೊತೆಗೆ 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್! ತನ್ನ ಹಕ್ಕು ಏನು ಅಂತ ಓದಿಕೊಂಡ ಮನುಷ್ಯ ಅವನು.

ಶನಿವಾರ ರಾತ್ರಿ ಎಲ್ಲರೂ ಪೇಟೆಗೆ ಹೋದಾಗ ಲೆನ್ನಿ ಒಳಗೆ ಬರುತ್ತಾನೆ. ನಿನ್ನ ಗೆಳೆಯ ಜಾರ್ಜ್ ವಾಪಸ್ ಬರದಿದ್ದರೆ ಏನು ಮಾಡ್ತೀಯ ಅಂತ ಕ್ರೂಕ್ಸ್ ಕೆಣಕುತ್ತಾನೆ. ಯಾರೂ ಇಲ್ಲದ ಬದುಕು ಹೇಗಿರುತ್ತೆ ಅಂತ ಒಬ್ಬರಿಗಾದರೂ ಗೊತ್ತಾಗಲಿ ಅನ್ನುವ ಸಂಕಟ ಅದು. ಜೀವನದಲ್ಲಿ ಮೊದಲ ಸಲ ತನಗಿಂತ ದುರ್ಬಲ ಅನ್ನಿಸುವವನೊಬ್ಬ ಎದುರಿಗೆ ಸಿಕ್ಕಿದ್ದಾನೆ. ಲೆನ್ನಿ ಸಿಟ್ಟಿನಿಂದ ಎದ್ದ ತಕ್ಷಣ ಮಾತು ಬದಲಿಸುತ್ತಾನೆ.

ಆಮೇಲೆ ರಾಂಚ್ ಯಜಮಾನನ ಮಗ ಕರ್ಲಿಯ ಹೆಂಡತಿ ಬರುತ್ತಾಳೆ. ಅವಳಿಗೂ ಮಾತಾಡಲು ಯಾರೂ ಇಲ್ಲ, ಕಾದಂಬರಿಯಲ್ಲಿ ಅವಳಿಗೊಂದು ಹೆಸರೂ ಇಲ್ಲ. ಆದರೂ ಹೊರಗೆ ಹೋಗು ಅಂದ ಕ್ರೂಕ್ಸ್‌ಗೆ, ನಿನ್ನನ್ನು ಮರಕ್ಕೆ ನೇತುಹಾಕಿಸುವುದು ನನಗೆ ಸುಲಭ ಅಂತ ಹೆದರಿಸುತ್ತಾಳೆ. ಆ ಕಾಲದ ಅಮೆರಿಕದಲ್ಲಿ ಅದು ಸುಮ್ನೆ ಹೇಳುವ ಮಾತಲ್ಲ. ಕ್ರೂಕ್ಸ್ ಕಣ್ಣೆದುರಿಗೇ ಕುಗ್ಗಿ ಹೋಗುತ್ತಾನೆ. ಲೆನ್ನಿ ಮತ್ತು ಜಾರ್ಜ್ ಕೊಳ್ಳುವ ಕನಸು ಕಾಣುತ್ತಿದ್ದ ಜಮೀನಿಗೆ ನಾನೂ ಬಂದು ದುಡಿಯುತ್ತೇನೆ ಅಂತ ಸ್ವಲ್ಪ ಹೊತ್ತಿನ ಹಿಂದೆ ಆಸೆಪಟ್ಟಿದ್ದವನು, ಈಗ ಅದೂ ಬೇಡ ಅಂದುಬಿಡುತ್ತಾನೆ. ಕೊನೆಯಲ್ಲಿ ಮತ್ತೆ ಒಬ್ಬನೇ ಕೂತು, ಕುದುರೆ ಒದ್ದು ಸೊಟ್ಟಗಾದ ಬೆನ್ನಿಗೆ ಮುಲಾಮು ತಿಕ್ಕಿಕೊಳ್ಳುತ್ತಾನೆ. ಆ ಪುಟ ಓದುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.