ಎಚ್ಚರ ಇರುವಾಗಲೇ ಕೈ ಕೊಯ್ಯುವುದಾ ಡಾಕ್ಟ್ರೇ?

ಪ್ರಶ್ನೆ: ಅಡಿಕೆ ಸುಲಿಯುವಾಗ ಕತ್ತಿ ತಾಗಿ ಹತ್ತು ದಿನ ಆಯ್ತು, ನಡುಬೆರಳು ಮಡಚಲಿಕ್ಕೆ ಆಗುವುದಿಲ್ಲ. ಎಣ್ಣೆ ಹಾಕಿ ತಿಕ್ಕಿಸಿದೆ. ಈಗ ಟೆಂಡನ್ (ಬೆರಳನ್ನು ಎಳೆದು ಮಡಚುವ ಹುರಿ) ತುಂಡಾಗಿದೆ, ಎಚ್ಚರ ಇರುವಾಗಲೇ ಆಪರೇಶನ್ ಅಂತಾರೆ. ಪೂರ್ತಿ ಮಲಗಿಸಿ ಮಾಡಬಾರದಾ? (ಮುಳ್ಳೇರಿಯ)

ಮಾಡಬಹುದು, ಆದ್ರೆ ನೀವು ನಿದ್ದೆ ಹೋದ್ರೆ ಬೆರಳು ಮಡಚುವುದು ಯಾರು ಮಾರಾಯ್ರೆ? ಟೆಂಡನ್ ಹೊಲಿದ ಮೇಲೆ "ಈಗ ಮಡಚಿ, ಬಿಡಿಸಿ" ಅಂತೇವೆ, ಹೊಲಿಗೆ ಮಧ್ಯ ಸಂದು ಬಿಡ್ತದಾ, ಎಲ್ಲಾದ್ರೂ ಸಿಕ್ಕಿಕೊಳ್ತದಾ ಅಂತ ಆಗಲೇ ಕಾಣ್ತದೆ, ಚರ್ಮ ಮುಚ್ಚುವ ಮೊದಲೇ ಸರಿ ಮಾಡಬಹುದು. ನೋವು ಅಂದ್ರೆ ಮೊದಲ ಚುಚ್ಚು, ಮತ್ತೆ ಮದ್ದು ಹೋಗುವಾಗ ಉರಿ. ಉರಿ ಕಮ್ಮಿಯಾಗಲಿಕ್ಕೆ ಕೈ ಮರಗಟ್ಟಿಸುವ ಮದ್ದು ಲಿಡೋಕೇನ್‌ಗೆ ಸೋಡಿಯಂ ಬೈಕಾರ್ಬನೇಟ್ ಸೇರಿಸ್ತೇವೆ. ಆಮೇಲೆ ಸುಮಾರು ಅರ್ಧ ಗಂಟೆ ಸುಮ್ನೆ ಮಲಗಿಸ್ತೇವೆ, ಡಾಕ್ಟ್ರು ಚಾ ಕುಡೀಲಿಕ್ಕೆ ಹೋದ್ರು ಅಂತ ಹೊರಗೆ ಗೊಣಗ್ತಾರೆ, ಅಲ್ಲ, ಮದ್ದಲ್ಲಿರುವ ಅಡ್ರಿನಲಿನ್ ರಕ್ತನಾಳ ಬಿಗಿ ಮಾಡಲಿಕ್ಕೆ ಅಷ್ಟು ಹೊತ್ತು ಬೇಕು. ಅದರಿಂದಾಗಿ ರಕ್ತ ನಿಲ್ಲಿಸಲಿಕ್ಕೆ ತೋಳಿಗೆ ಪಟ್ಟಿ ಬಿಗಿಯುವುದು ಬೇಡ, ಎಚ್ಚರ ಇದ್ದವರಿಗೆ ತಡೀಲಿಕ್ಕಾಗದ್ದು ಆ ಪಟ್ಟಿಯೇ. ಎದೆ ಡವಡವ, ಕೈ ನಡುಕ ಕೆಲವರಿಗೆ ಬರ್ತದೆ, ಸ್ವಲ್ಪ ಹೊತ್ತಲ್ಲಿ ಇಳೀತದೆ. ಎಳೆದದ್ದು, ಒತ್ತಿದ್ದು ಗೊತ್ತಾಗ್ತದೆ; ನೋವಾದ್ರೆ ಬಾಯಿಬಿಟ್ಟು ಹೇಳಿ, ಮತ್ತೆ ಮದ್ದು ಹಾಕ್ತೇವೆ, ಗಟ್ಟಿಗ ಅನ್ನಿಸಿಕೊಳ್ಳಲಿಕ್ಕೆ ಹಲ್ಲು ಕಚ್ಚಿ ಮಲಗಬೇಡಿ.

ನನಗೆ ಸಿಟ್ಟು ಬರುವುದು ಆ ಎಣ್ಣೆಗೆ. ತುಂಡಾದ ಟೆಂಡನ್‌ನ ತುದಿ ಅಂಗೈ ಕಡೆ ಜಾರ್ತದೆ, ದಿನ ಹೋದ ಹಾಗೆ ಎಳೆದು ತರುವುದು ಕಷ್ಟ, ತೀರಾ ತಡ ಆದ್ರೆ ಬೇರೆ ಕಡೆಯಿಂದ ಟೆಂಡನ್ ತೆಗೆದು ಹಾಕಬೇಕು. ತಿಕ್ಕಿದವರು ದುಡ್ಡು ವಾಪಸ್ ಕೊಡ್ತಾರಾ? ಈ ವಾರವೇ ಹೋಗಿ. ಮತ್ತೆ ಆಪರೇಶನ್ ಟೇಬಲಲ್ಲಿ ಮಡಚಿತಲ್ಲಾ ಅಂತ ಮನೆಗೆ ಬಂದು ಕತ್ತಿ ಹಿಡೀಬೇಡಿ, ಹೊಲಿಗೆ ಕಿತ್ತು ಹೋಗ್ತದೆ. ಸ್ಪ್ಲಿಂಟ್ (ಕೈ ಅಲುಗದ ಹಾಗೆ ಹಾಕುವ ಆಧಾರದ ಕಟ್ಟು) ಬಿಚ್ಚುವುದು, ವ್ಯಾಯಾಮ ಎಲ್ಲ ಥೆರಪಿಸ್ಟ್ ಹೇಳಿದಷ್ಟೇ.

ಪ್ರಶ್ನೆ: ಅಡ್ರಿನಲಿನ್ ಕೊಟ್ರೆ ಬೆರಳು ಕೊಳೀತದಂತೆ? (ಉಪ್ಪಳ)

ಅದು 1950ರ ಮೊದಲಿನ, ಪ್ರೊಕೇನ್ ಎಂಬ ಹಳೇ ಮರಗಟ್ಟಿಸುವ ಮದ್ದಿನ ಕಾಲದ ಹೆದರಿಕೆ. ಅಡ್ರಿನಲಿನ್‌ನಿಂದ ಬಿಗಿಯಾದ ರಕ್ತನಾಳ ಬಿಡಿಸಲಿಕ್ಕೆ ಈಗ ಫೆಂಟೊಲಮೈನ್ ಎಂಬ ಮದ್ದು ಉಂಟು. ಆದ್ರೂ ಮೊದಲೇ ಬೆರಳಿಗೆ ರಕ್ತ ಸರಿ ಬಾರದವರಿಗೆ ನಾನು ಕೊಡುವುದಿಲ್ಲ, ಹೆದರುಪುಕ್ಕ ಅಂದ್ರೂ ತೊಂದ್ರೆ ಇಲ್ಲ.

ಪ್ರಶ್ನೆ: ಅಮ್ಮ ಬೀಡಿ ಕಟ್ಟುವವರು, ಕಾರ್ಪಲ್ ಟನಲ್ (ಮಣಿಕಟ್ಟಲ್ಲಿ ನರ ಒತ್ತಿಹೋಗುವ ತೊಂದ್ರೆ) ಆಪರೇಶನ್. ಖಾಲಿ ಹೊಟ್ಟೆಯಲ್ಲಿ ಬರಬೇಕಾ? (ಕುಂಬಳೆ)

ಕೈಗೆ ಮಾತ್ರ ಮದ್ದು ಕೊಡುವುದಾದ್ರೆ ಬೇಡ. ಶುಗರ್ ಮಾತ್ರೆ ನುಂಗಿ ಉಪವಾಸ ಬಂದು ತಲೆತಿರುಗಿ ಬೀಳುವುದಕ್ಕಿಂತ ಎರಡು ದೋಸೆ ತಿನ್ನಿಸಿ ತನ್ನಿ.

ಪ್ರಶ್ನೆ: ಒಳಗೆ ವಿಡಿಯೋ ತೆಗೀಬಹುದಾ?

ಇಲ್ಲ.