ಸಕ್ಕರೆ ಹಾಕದ ವೈನಿಗೆ ಅಷ್ಟು ಮದ್ಯಾಂಶ ಎಲ್ಲಿಂದ?

ಪ್ರಶ್ನೆ: ಕ್ರಿಸ್ಮಸ್ಸಿಗೆಂದು ನಮ್ಮ ಮನೆಯಲ್ಲಿ ಪ್ರತಿವರ್ಷ ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಈಸ್ಟ್ ಸೇರಿಸಿ ಭರಣಿಯಲ್ಲಿ ವೈನ್ ಮಾಡುತ್ತೇವೆ. ಮಗಳು ಇಟಲಿಯಿಂದ ‘ಅಮರೋನೆ’ ಎಂಬ ಕೆಂಪು ವೈನ್ ತಂದಿದ್ದಾಳೆ. ಲೇಬಲ್ಲಿನಲ್ಲಿ ಮದ್ಯಾಂಶ ಶೇ. 15.5 ಎಂದಿದೆ, ಆದರೂ ಅದಕ್ಕೆ ಸಕ್ಕರೆ ಹಾಕುವುದಿಲ್ಲವಂತೆ. ಇದು ಹೇಗೆ? ನಮ್ಮ ಖಾರದ ಮಾಂಸದಡುಗೆ ಬಾಫಾತ್ ಜೊತೆ ಕುಡಿಯಬಹುದೇ?
— ಓದುಗರೊಬ್ಬರು, ಕುಲಶೇಖರ, ಮಂಗಳೂರು

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಬೇಕಾದ ಸಕ್ಕರೆಯೆಲ್ಲ ಹಣ್ಣಿನದೇ, ಆದರೆ ಅದು ಬಾಡಿಸಿದ ಹಣ್ಣು. ವೆರೋನಾ ನಗರದ ಉತ್ತರಕ್ಕೆ, ಪಶ್ಚಿಮದ ಗಾರ್ದಾ ಸರೋವರಕ್ಕೂ ಉತ್ತರದ ಲೆಸ್ಸಿನಿ ಬೆಟ್ಟಗಳಿಗೂ ನಡುವೆ ಇರುವ ವಾಲ್ಪೊಲಿಚೆಲ್ಲಾ ಎಂಬ ಗುಡ್ಡಗಾಡಿನಲ್ಲಿ ಕೊರ್ವಿನಾ, ಕೊರ್ವಿನೋನೆ, ರೊಂದಿನೆಲ್ಲಾ ಎಂಬ ತಳಿಗಳನ್ನು ಬೆಳೆಯುತ್ತಾರೆ. ಶರತ್ಕಾಲದಲ್ಲಿ ಕೊಯ್ದ ಗೊಂಚಲುಗಳನ್ನು ಹಿಂಡದೆ, ಗಾಳಿಯಾಡುವ ಅಟ್ಟಗಳಲ್ಲಿ ಒಂದರ ಮೇಲೊಂದು ಬೀಳದಂತೆ ಹರವಿ, ಸುಮಾರು ಮೂರು-ನಾಲ್ಕು ತಿಂಗಳು ಬಿಡುತ್ತಾರೆ. ಹಿಂದೆ ಇದಕ್ಕೆ ಬಿದಿರಿನ ತಟ್ಟಿಗಳಿದ್ದವು. ಈಗ ಪ್ಲಾಸ್ಟಿಕ್ ಕ್ರೇಟುಗಳೇ ಹೆಚ್ಚು. ನಮ್ಮಲ್ಲಿ ಅಂಗಳದಲ್ಲಿ ಅಡಿಕೆ ಒಣಗಿಸುವಂತೆ ಬಿಸಿಲಿಗೆ ಹಾಕುವುದಲ್ಲ. ನೆರಳಿನಲ್ಲಿ, ತಣ್ಣನೆಯ ಗಾಳಿಯಲ್ಲಿ ಬಾಡಿಸುವುದು. ಕರಾವಳಿಯ ತೇವದಲ್ಲಿ ಇದಕ್ಕೆ ಕೈಹಾಕಿದರೆ ನಾಲ್ಕೇ ದಿನಕ್ಕೆ ಬೂಷ್ಟು ಹಿಡಿದೀತು! ಅಲ್ಲಿಯೂ ಬೆಳೆಗಾರರಿಗೆ ಇರುವ ದೊಡ್ಡ ಭಯ ಅದೇ.

ಹತ್ತು ಕಿಲೋ ಹಣ್ಣು ಕೊನೆಗೆ ಆರು-ಏಳು ಕಿಲೋಗೆ ಇಳಿಯುತ್ತದೆ. ಹೋದದ್ದು ಹೆಚ್ಚಾಗಿ ನೀರು. ಉಳಿದ ರಸದಲ್ಲಿ ಸಕ್ಕರೆ ಗಾಢವಾಗುತ್ತದೆ. ಚಳಿಗಾಲದಲ್ಲಿ ನಿಧಾನವಾಗಿ ನಡೆಯುವ ಹುದುಗುವಿಕೆಯಲ್ಲಿ ಈಸ್ಟ್ ಈ ಸಕ್ಕರೆಯನ್ನು ಬಹುತೇಕ ತಿಂದು ಮುಗಿಸುವುದರಿಂದ ಮದ್ಯಾಂಶ ಏರುತ್ತದೆ, ಸಿಹಿ ಉಳಿಯುವುದಿಲ್ಲ. ನಿಮ್ಮ ಭರಣಿಯಲ್ಲಿ ಈಸ್ಟ್ ಸೋತ ಮೇಲೂ ಸಕ್ಕರೆ ಮಿಗುತ್ತದೆ, ಆದ್ದರಿಂದ ಅದು ಸಿಹಿ. ಬಾಡಿಸಿದ ಹಣ್ಣಿನಿಂದಲೇ ಮಾಡುವ, ಸಿಹಿ ಉಳಿಸಿಕೊಂಡ ‘ರೆಚೋತೊ’ ಎಂಬ ವೈನ್ ಅಲ್ಲಿ ಬಹಳ ಹಳೆಯದು. ಆ ಸಿಹಿ ಇಲ್ಲದ್ದಕ್ಕೇ ಇದಕ್ಕೆ ಅಮರೋನೆ ಎಂಬ ಹೆಸರು. ಇಟಾಲಿಯನ್ನಿನಲ್ಲಿ ‘ಅಮಾರೊ’ ಎಂದರೆ ಕಹಿ. ಕೊಯ್ಲಿನ ಮರುವರ್ಷದ ಜನವರಿಯಿಂದ ಕನಿಷ್ಠ 2 ವರ್ಷ ಮಾಗಿಸದೆ ಇದನ್ನು ಮಾರುವಂತಿಲ್ಲ.

ಬಾಫಾತ್ ಜೊತೆ ಬೇಡ ಎನ್ನುತ್ತೇನೆ. ಇಷ್ಟು ಮದ್ಯಾಂಶದ ವೈನ್ ಮೆಣಸಿನ ಖಾರವನ್ನು ನಾಲಿಗೆಯ ಮೇಲೆ ಇನ್ನಷ್ಟು ಉರಿಸುತ್ತದೆ, ವೈನಿನ ಒಣದ್ರಾಕ್ಷಿ, ಚೆರಿಹಣ್ಣಿನ ಪರಿಮಳವೂ ಕಳೆದುಹೋಗುತ್ತದೆ. ಬಾಫಾತಿಗೆ ನಿಮ್ಮ ಭರಣಿಯ ಸಿಹಿ ವೈನೇ ವಾಸಿ. ಅಮರೋನೆಗೆ ಖಾರ ಕಡಿಮೆಯ, ನಿಧಾನವಾಗಿ ಬೆಂದ ಮಾಂಸವೋ ಹಳೆಯ ಗಟ್ಟಿ ಚೀಸೋ ಹೊಂದುತ್ತದೆ. ಮಂಗಳೂರಿನ ಸೆಕೆಯಲ್ಲಿ ಫ್ರಿಜ್ಜಿನಲ್ಲಿಟ್ಟು, 16ರಿಂದ 18 ಡಿಗ್ರಿಗೆ ಇಳಿಸಿಯೇ ಬಡಿಸಿ.

ಪ್ರಶ್ನೆ: ಹಳೆಯ ಕೆಂಪು ವೈನ್ ಬಾಟಲಿಯ ತಳದಲ್ಲಿ ಕಪ್ಪಾದ ಮಡ್ಡಿ ಕೂತಿದೆ. ಕೆಟ್ಟಿದೆಯೇ?
— ಓದುಗರೊಬ್ಬರು, ಉಡುಪಿ

ಉತ್ತರ: ಮಡ್ಡಿ ಇದ್ದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ, ಗಾಢ ವೈನ್ ಹಳತಾದಂತೆ ಬಣ್ಣದ ಅಂಶ ತಳಕ್ಕಿಳಿಯುತ್ತದೆ. ಒಂದು ದಿನ ಬಾಟಲಿಯನ್ನು ನೇರವಾಗಿ ನಿಲ್ಲಿಸಿಟ್ಟು, ಅಲುಗಿಸದೆ ಗಾಜಿನ ಹೂಜಿಗೆ ಬಗ್ಗಿಸಿ, ಮಡ್ಡಿ ಕತ್ತಿನ ಹತ್ತಿರ ಬಂದೊಡನೆ ನಿಲ್ಲಿಸಿ. ಹುಳಿ ವಿನಿಗರಿನ ವಾಸನೆ ಬಂದರೆ ಮಾತ್ರ ಅದು ಅಡುಗೆಮನೆಯ ಪಾಲು.